ಕೊನೆಯ ಪುಟದಿಂದ ಹಿಂದಕ್ಕೆ

1970ರ ಮಾರ್ಚ್ 24ರಂದು ಟೋಕಿಯೋದ ಕೋದಾನ್ಶಾ ಪ್ರಕಾಶನ ಸಂಸ್ಥೆಯ ಸಭಾಂಗಣದಲ್ಲಿ ಒಂದು ಸಾವಿನ ಕಾರ್ಯ ನಡೆಯಿತು. ಸಭಾಂಗಣದಲ್ಲಿ ಬಾಕ್ಸಿಂಗ್ ರಿಂಗ್ ಕಟ್ಟಿದ್ದರು. ತೀರಿಕೊಂಡವನ ಭಾವಚಿತ್ರ ಇತ್ತು, ಮಂತ್ರ ಹೇಳಲು ಬೌದ್ಧ ಸಂನ್ಯಾಸಿ ಬಂದಿದ್ದರು. ಸುಮಾರು 700 ಜನ ಸೇರಿದ್ದರು. ಇದನ್ನು ಮುಂದೆ ನಿಂತು ನಡೆಸಿದವರು ಕವಿ, ನಾಟಕಕಾರ ತೆರಾಯಾಮಾ ಶೂಜಿ.

ತೀರಿಕೊಂಡವನ ಹೆಸರು ರಿಕಿಇಶಿ ತೋರು. ಅವನು ಹುಟ್ಟಿದ್ದೂ ಕಾಗದದ ಮೇಲೆ, ಸತ್ತದ್ದೂ ಕಾಗದದ ಮೇಲೆ. ‘ಅಶಿತಾ ನೋ ಜೋ’, ಅಂದರೆ ‘ನಾಳೆಯ ಜೋ’ ಎಂಬ ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕಥೆಯಲ್ಲಿ, ಅವನು ನಾಯಕ ಜೋನ ಎದುರಾಳಿ. ನಾಯಕನೂ ಅಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ.

ಮಾಂಗಾ ಮತ್ತು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ, ಅಭಿಮಾನಿಗಳ ಅಭಿಪ್ರಾಯಗಳ ಬಗ್ಗೆ ಮಾತಾಡಿ ಎಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಈ 700 ಜನ. ಇಂದು ನಮ್ಮ ಹುಡುಗರು ‘ಎಂಡಿಂಗ್ ಹಾಳು ಮಾಡಿದ್ರು’, ‘ಆ ಕ್ಯಾರೆಕ್ಟರನ್ನ ಸುಮ್ಮನೆ ಸಾಯಿಸಿದ್ರು’ ಎಂದು ರಾತ್ರಿಯಿಡೀ ಜಗಳ ಆಡುತ್ತಾರಲ್ಲ, ಅದನ್ನು ನೋಡಿ ಹಿರಿಯರು ‘ಇದೇನು ಹುಚ್ಚು, ಬರೀ ಕಾರ್ಟೂನು’ ಎನ್ನುತ್ತಾರೆ. ಅದು ಹುಚ್ಚಲ್ಲ. ಅದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆ ಇದೆ. ಆ ಜಗಳದೊಳಗೆ ಒಂದು ಒಳ್ಳೆಯ ಓದಿನ ಕ್ರಮವೂ ಅಡಗಿದೆ. ಇವತ್ತು ನಾನು ಹೇಳಬೇಕೆಂದಿರುವುದು ಆ ಓದಿನ ಕ್ರಮದ ಬಗ್ಗೆ.

ರಿಕಿಇಶಿ ಯಾಕೆ ಸತ್ತ ಎನ್ನುವುದನ್ನು ಮೊದಲು ನೋಡೋಣ. ಕಥೆ ಬರೆದವರು ತಕಾಮೊರಿ ಅಸಾವೊ, ಚಿತ್ರ ಬರೆದವರು ಚಿಬಾ ತೆತ್ಸುಯಾ. ಜೋ ಮತ್ತು ರಿಕಿಇಶಿ ಮೊದಲು ಎದುರಾಗುವುದು ಬಾಲಾಪರಾಧಿಗಳ ಸೆರೆಯಲ್ಲಿ. ಇವರಿಬ್ಬರೂ ಮುಂದೆ ವೃತ್ತಿಪರ ಬಾಕ್ಸರುಗಳಾಗಿ ಒಂದೇ ರಿಂಗಿನಲ್ಲಿ ನಿಲ್ಲುತ್ತಾರೆಂದು ಚಿಬಾ ಆಗ ಅಂದುಕೊಂಡಿರಲಿಲ್ಲ. ಹಾಗಾಗಿ ರಿಕಿಇಶಿಯನ್ನು ಜೋಗಿಂತ ಬಹಳ ಎತ್ತರದ, ದೊಡ್ಡ ಮೈಕಟ್ಟಿನ ಆಳಾಗಿ ಬರೆದುಬಿಟ್ಟರು. ಬಾಕ್ಸಿಂಗ್‌ನಲ್ಲಿ ತೂಕದ ವರ್ಗ ಬೇರೆಯಾದರೆ ಪಂದ್ಯವೇ ಇಲ್ಲ. ಒಮ್ಮೆ ಅಚ್ಚಾದ ಮೈಯನ್ನು ಅಳಿಸಿ ಚಿಕ್ಕದು ಮಾಡುವಂತಿಲ್ಲ. ಕಥೆಗೆ ಉಳಿದದ್ದು ಒಂದೇ ದಾರಿ: ರಿಕಿಇಶಿ ಹಸಿವು, ಬಾಯಾರಿಕೆ ತಡೆದುಕೊಂಡು ಜೋನ ಬ್ಯಾಂಟಮ್ ವರ್ಗಕ್ಕೆ ಇಳಿಯಬೇಕು.

ಆ ಭಾಗದ ಒಂದು ದೃಶ್ಯವನ್ನು ಓದಿದವರು ಮರೆಯುವುದಿಲ್ಲ. ರಿಕಿಇಶಿ ನೆಲಮಾಳಿಗೆಯ ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡಿದ್ದಾನೆ. ಬಾಯಾರಿಕೆ ತಡೆಯಲಾಗದೆ ಹುಚ್ಚನಂತೆ ಹೊರಗೆ ಬಂದು ನಲ್ಲಿ ತಿರುಗಿಸಲು ಹೋಗುತ್ತಾನೆ. ನಲ್ಲಿಗಳನ್ನೆಲ್ಲ ತಂತಿಯಿಂದ ಬಿಗಿದಿದ್ದಾರೆ. ಶಿರಾಕಿ ಯೋಕೊ ಎಂಬ ಹುಡುಗಿ ನೋಡಲಾಗದೆ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಲೋಟ ಕೈಗೆ ತೆಗೆದುಕೊಳ್ಳುತ್ತಾನೆ, ಅವಳ ಕರುಣೆಗೆ ಕೃತಜ್ಞತೆ ಹೇಳುತ್ತಾನೆ, ಆಮೇಲೆ ನೀರನ್ನು ಮೆಲ್ಲಗೆ ನೆಲಕ್ಕೆ ಸುರಿಯುತ್ತಾನೆ.

ಪಂದ್ಯದಲ್ಲಿ ಗೆಲ್ಲುವವನು ರಿಕಿಇಶಿಯೇ. ಜೋ ಕೈ ಚಾಚುತ್ತಾನೆ. ಆ ಕೈ ಹಿಡಿಯಲು ಬಂದ ರಿಕಿಇಶಿ ಕುಸಿದು ಬೀಳುತ್ತಾನೆ.

ಆ ಸಭಾಂಗಣಕ್ಕೆ ಬಂದ 700 ಜನರಲ್ಲಿ ಯಾರಿಗೂ ಇದು ‘ಸುಮ್ಮನೆ ಸಾಯಿಸಿದ್ದು’ ಅನ್ನಿಸಿರಲಾರದು ಎಂದು ನನ್ನ ನಂಬಿಕೆ. ಅವರು ವಾರ ವಾರ ಅವನ ಜೊತೆ ಬಾಯಾರಿ ಕೂತವರು. ಕಾರ್ಯಕ್ಕೆ ಬಂದದ್ದೂ ಆ ನಂಟಿನಿಂದಲೇ.

ಈ ನಂಟು ಎಲ್ಲಿಂದ ಬರುತ್ತದೆ ಎಂದರೆ ಮಾಂಗಾ ಧಾರಾವಾಹಿಯಾಗಿ ಬರುವ ಕಲೆ. ನಮ್ಮಲ್ಲಿ ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿದವರು ಈ ಸಭೆಯಲ್ಲಿ ಇದ್ದೀರಿ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮುಂದಿನ ವಾರದವರೆಗೆ ಕಥೆ ಪತ್ರಿಕೆಯಲ್ಲಿ ಇರುವುದಿಲ್ಲ, ನಮ್ಮ ತಲೆಯಲ್ಲಿ ನಡೆಯುತ್ತಿರುತ್ತದೆ. ಜಪಾನಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಪತ್ರಿಕೆ ಪ್ರತಿ ಸಂಚಿಕೆಯಲ್ಲೂ ಒಂದು ಅಂಚೆ ಕಾರ್ಡು ಇಟ್ಟು, ಈ ಸಲ ಯಾವ ಮೂರು ಕಥೆಗಳು ಇಷ್ಟವಾದವು ಎಂದು ಕೇಳುತ್ತಿತ್ತು. ಕಾರ್ಡು ಬಾರದ ಕಥೆ ನಿಲ್ಲುತ್ತಿತ್ತು. 1990ರ ದಶಕದ ನಡುವೆ ಆ ಪತ್ರಿಕೆಯ ಪ್ರಸಾರ 65 ಲಕ್ಷ ದಾಟಿತ್ತು. ಕಥೆಗಾರನ ಅನ್ನ ಆ ಕಾರ್ಡುಗಳ ಮೇಲೆ ನಿಂತಿತ್ತು ಎಂದರೆ ತಪ್ಪಲ್ಲ.

ಹಾಗಾಗಿ ಕಥೆಗಳು ದಾರಿಯಲ್ಲೇ ಬದಲಾಗುತ್ತಿದ್ದವು. ನನ್ನ ವಯಸ್ಸಿನವರು ಶಾಲೆಯಿಂದ ಓಡಿಬಂದು ಕೇಬಲ್ ಟೀವಿ ಮುಂದೆ ಕೂತು ‘ಡ್ರ್ಯಾಗನ್ ಬಾಲ್’ ನೋಡಿದವರು. ಅದರಲ್ಲಿ ಸೆಲ್ ಎಂಬ ಖಳ ಸತ್ತ ಮೇಲೆ ನಾಯಕ ಗೊಕುವಿನ ಮಗ ಗೊಹಾನನೇ ಮುಂದಿನ ನಾಯಕ ಎಂದು ನಾವೆಲ್ಲ ನಂಬಿದ್ದೆವು. ಅದನ್ನು ಬರೆದ ತೊರಿಯಾಮಾ ಅಕಿರಾ ಕೂಡ ಹಾಗೇ ಅಂದುಕೊಂಡಿದ್ದರು, ಆಮೇಲೆ ಅವನು ನಾಯಕನ ಸ್ಥಾನಕ್ಕೆ ಒಗ್ಗುವುದಿಲ್ಲ ಅನ್ನಿಸಿ ಗೊಕುವಿಗೇ ಮರಳಿದರು. ಇಂದಿಗೂ ಇದರ ಬಗ್ಗೆ ಬೇಸರಪಡುವವರಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಇಷ್ಟೆಲ್ಲ ಜೊತೆಯಾಗಿ ಬಂದ ಓದುಗ, ಕಥೆಗಾರ ಇಬ್ಬರೂ ಕೈಬಿಟ್ಟು ಬೇರೆಯಾಗುವ ಜಾಗವೇ ಅಂತ್ಯ. ಕೊನೆಯ ಸಂಚಿಕೆ ಇಷ್ಟವಾಗಲಿಲ್ಲ ಎಂದು ಕಾರ್ಡು ಬರೆದರೆ ಅದನ್ನು ತಿದ್ದಲು ಮುಂದಿನ ಸಂಚಿಕೆ ಇಲ್ಲ. ಅಂತ್ಯದ ಮೇಲಿನ ಸಿಟ್ಟು ಅಷ್ಟು ಜೋರಾಗಿರುವುದು ಅದಕ್ಕೇ.

ಮತ್ತೆ ಜೋನ ಕಥೆಗೆ ಬರುತ್ತೇನೆ. 1973ರಲ್ಲಿ ಅದು ಮುಗಿಯಬೇಕಾಯಿತು. ತಕಾಮೊರಿ ಬರೆದುಕೊಟ್ಟ ಅಂತ್ಯ ಚಿಬಾ ಅವರಿಗೆ ಒಪ್ಪಿಗೆಯಾಗಲಿಲ್ಲ. ತಾನೇ ಬೇರೆ ಅಂತ್ಯ ಹುಡುಕುತ್ತೇನೆ ಎಂದು ಕೇಳಿ ಅನುಮತಿ ಪಡೆದರು. ಆಮೇಲೆ ಏನು ಮಾಡುವುದೆಂದು ತೋಚದೆ ಒದ್ದಾಡಿದರು. ಆಗ ಸಂಪಾದಕರೊಬ್ಬರು ಹಳೆಯ ಸಂಚಿಕೆಗಳನ್ನು ತಿರುವಿಹಾಕಿ ಒಂದು ಪುಟ ತೋರಿಸಿದರು. ಅದರಲ್ಲಿ ನೊರಿಕೊ ಎಂಬ ಹುಡುಗಿ ಜೋನನ್ನು, ಇಷ್ಟು ಕಷ್ಟಪಟ್ಟು ಯಾಕೆ ಬಾಕ್ಸಿಂಗ್ ಆಡುತ್ತೀಯ ಎಂದು ಕೇಳುತ್ತಾಳೆ. ಅರೆಬರೆ ಹೊಗೆಯಾಡುತ್ತ ಬದುಕುವುದು ನನಗೆ ಬೇಡ, ಒಂದು ಕ್ಷಣವಾದರೂ ಕೆಂಪಗೆ ಧಗಧಗ ಉರಿದು ಕೊನೆಗೆ ಬಿಳಿ ಬೂದಿ ಮಾತ್ರ ಉಳಿಯಬೇಕು ಎನ್ನುವ ಅರ್ಥದಲ್ಲಿ ಜೋ ಉತ್ತರಿಸುತ್ತಾನೆ.

ಅಂತ್ಯ ಅಲ್ಲೇ ಇತ್ತು. ಹೊಸೆ ಮೆಂದೋಸಾ ಎಂಬ ವಿಶ್ವ ಚಾಂಪಿಯನ್ ಎದುರು 15 ಸುತ್ತು ಕಾದಾಡಿ ಜೋ ಅಂಕಗಳ ಮೇಲೆ ಸೋಲುತ್ತಾನೆ. ಕೈಗವಸು ಬಿಚ್ಚಿ ಯೋಕೊಗೆ ಕೊಡುತ್ತಾನೆ. ರಿಂಗಿನ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದಾನೆ, ತಲೆ ಬಗ್ಗಿದೆ, ಕಣ್ಣು ಮುಚ್ಚಿದೆ, ತುಟಿಯಲ್ಲಿ ಸಣ್ಣ ನಗು. ಚಿತ್ರದಲ್ಲಿ ಅವನ ಮೈಗೆ ಕಪ್ಪು ತುಂಬಿಲ್ಲ, ಪೂರ್ತಿ ಬಿಳಿ. ಜೋ ಸತ್ತನೇ, ಬದುಕಿದ್ದಾನೆಯೇ? 50 ವರ್ಷ ಕಳೆದರೂ ಜಪಾನಿನಲ್ಲಿ ಈ ವಾದ ನಿಂತಿಲ್ಲ. ಎರಡು ಕಡೆಯವರೂ ಪುರಾವೆಗೆ ಹೋಗುವುದು ಹಿಂದಿನ ಪುಟಗಳಿಗೇ. ಆ ಸಂಪಾದಕರು ಮಾಡಿದ ಕೆಲಸವನ್ನೇ ಅವರೂ ಮಾಡುತ್ತಿದ್ದಾರೆ.

ಕರಾವಳಿಯ ಕಡೆಯವರು ಯಾರಾದರೂ ಇದ್ದರೆ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ವಾಲಿ ಸಾಯುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಬಾಣ ನೆಟ್ಟ ವಾಲಿಯ ಅರ್ಥ ಹೇಳುವವರು ರಾಮನನ್ನು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರೆ ಬೆಳಗಿನ ಜಾವದವರೆಗೆ ಜನ ಎದ್ದು ಹೋಗುವುದಿಲ್ಲ. ಅಂತ್ಯ ಬದಲಾಗುವುದಿಲ್ಲ, ಆ ಅಂತ್ಯಕ್ಕೆ ವಾಲಿ ತಕ್ಕವನೇ ಎನ್ನುವುದೇ ಅಲ್ಲಿಯ ವಾದ. ಪಾತ್ರದ ಪರವಾಗಿ ಸಿಟ್ಟಾಗುವುದು ನಮಗೆ ಹೊಸದೇನಲ್ಲ.

ಸಿಟ್ಟು ಕೆಟ್ಟ ದಾರಿ ಹಿಡಿದದ್ದೂ ಇದೆ, ಅದನ್ನು ಮುಚ್ಚಿಡಬಾರದು. 1995ರ ಅಕ್ಟೋಬರ್‌ನಲ್ಲಿ ಶುರುವಾದ ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಎಂಬ ಟೀವಿ ಅನಿಮೆ 1996ರ ಮಾರ್ಚ್‌ನಲ್ಲಿ ಮುಗಿಯಿತು. 26 ಕಂತು. ಕೊನೆಯ ಎರಡು ಕಂತುಗಳಲ್ಲಿ ಯುದ್ಧವೂ ಇಲ್ಲ, ದೈತ್ಯ ಯಂತ್ರಗಳ ಕಾಳಗವೂ ಇಲ್ಲ. ಶಿಂಜಿ ಎಂಬ ಹುಡುಗನ ಮನಸ್ಸಿನೊಳಗೇ ಎಲ್ಲ ನಡೆಯುತ್ತದೆ. ನಿಶ್ಚಲ ಚಿತ್ರಗಳು, ಗೆರೆಗಳು, ಪ್ರಶ್ನೋತ್ತರ. ಕೊನೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ಅವನಿಗೆ ಅಭಿನಂದನೆ ಹೇಳುತ್ತಾರೆ. ನೋಡುಗರು ಕೆರಳಿದರು. ನಿರ್ದೇಶಕ ಅನ್ನೋ ಹಿದೆಯಾಕಿಗೆ ಬೈಗುಳ ಬಂತು, ಕೊಲೆ ಬೆದರಿಕೆಯೂ ಬಂತು. 1997ರಲ್ಲಿ ಅವರು ಬೇರೊಂದು ಅಂತ್ಯವನ್ನು ಚಲನಚಿತ್ರವಾಗಿ ಮಾಡಿದಾಗ ಆ ಸಂದೇಶಗಳು ಪರದೆಯ ಮೇಲೆ ಮಿಂಚಿ ಹೋಗುತ್ತವೆ. ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕರ ದೃಶ್ಯವೂ ಬರುತ್ತದೆ. ಕೊಲ್ಲುತ್ತೇನೆ ಎಂದು ಬರೆದವನದು ಅಭಿಪ್ರಾಯವಲ್ಲ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಆ ಎರಡು ಕಂತುಗಳನ್ನು ಇಂದು ನಿಧಾನವಾಗಿ ನೋಡಿ. ಶುರುವಿನ ಕಂತುಗಳಿಂದಲೂ ಆ ಹುಡುಗ ರೈಲಿನಲ್ಲಿ, ಕತ್ತಲ ಕೋಣೆಯಲ್ಲಿ ತನ್ನೊಂದಿಗೆ ತಾನು ಮಾತಾಡಿಕೊಳ್ಳುತ್ತಲೇ ಇದ್ದ. ನಾವು ಯಂತ್ರಗಳನ್ನು ನೋಡುತ್ತಿದ್ದೆವು.

ಇನ್ನು ನಿಮ್ಮಲ್ಲಿ ಬಹಳ ಜನ ಕಾಯುತ್ತಿರುವ ವಿಷಯ, ‘ಅಟ್ಯಾಕ್ ಆನ್ ಟೈಟನ್’ ಎಂಬ ಮಾಂಗಾ.

ಇಸಾಯಾಮಾ ಹಾಜಿಮೆ 2009ರಲ್ಲಿ ಇದನ್ನು ಶುರುಮಾಡಿದರು. 139ನೇ ಅಧ್ಯಾಯ 2021ರ ಏಪ್ರಿಲ್‌ನಲ್ಲಿ ಬಂತು. ಇದರ ಪ್ರಕಾಶಕರೂ ಅದೇ ಕೋದಾನ್ಶಾ. ಅಂತ್ಯಕ್ಕೆ ಮೊದಲೇ ಒಂದು ಸಂಗತಿ ನಡೆದಿತ್ತು. 2018ರಲ್ಲಿ ಜಪಾನಿನ ಟೀವಿಯಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಬಂದಾಗ, ಇದು ಕಥೆಯ ಕೊನೆಯ ಚೌಕ ಎಂದು ಒಂದು ಚಿತ್ರ ತೋರಿಸಿದರು. ಯಾರೋ ಒಬ್ಬರು ಮಗುವನ್ನು ಎತ್ತಿಕೊಂಡಿದ್ದಾರೆ, ನೀನು ಸ್ವತಂತ್ರ ಎನ್ನುತ್ತಿದ್ದಾರೆ. ಆ ಒಂದು ಚೌಕ ಹಿಡಿದುಕೊಂಡು ಎರಡೂವರೆ ವರ್ಷ ಅಭಿಮಾನಿಗಳು ತಮ್ಮ ತಮ್ಮ ಅಂತ್ಯಗಳನ್ನು ಕಟ್ಟಿದರು. ಮಗು ಯಾರದು, ತಂದೆ ಯಾರು ಎಂದು ಪುಟಗಟ್ಟಲೆ ತರ್ಕ. ಕೊನೆಯ ಅಧ್ಯಾಯ ಬಂದಾಗ ಕಥೆ ಆ ಚೌಕದಲ್ಲಿ ಮುಗಿಯಲೇ ಇಲ್ಲ. ತಲೆಯಲ್ಲಿ ಕಟ್ಟಿದ ಮನೆ ಒಮ್ಮೆಲೇ ಬಿದ್ದರೆ ನೋವು ನಿಜವೇ. ಕೆಲವು ಅಭಿಮಾನಿಗಳು ತಾವೇ ಸೇರಿ ಬೇರೊಂದು ಅಂತ್ಯವನ್ನು ಚಿತ್ರ ಸಮೇತ ಮಾಡಿದರು.

ನನ್ನ ಅಕ್ಕನ ಮಗಳು ಆಗ ಪಿಯುಸಿ ಓದುತ್ತಿದ್ದಳು. ಕೊನೆಯ ಅಧ್ಯಾಯ ಓದಿದ ರಾತ್ರಿ ಫೋನ್ ಮಾಡಿದಳು. ಗಂಟಲು ಕಟ್ಟಿತ್ತು. ‘ಮಾಮ, ಎರೆನ್ ಹೀಗೆ ಅಳೋನಲ್ಲ. ಇವನು ಬೇರೆ ಯಾರೋ’ ಅಂದಳು. ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಥೆಯ ನಾಯಕ ಎರೆನ್ ಕೊನೆಗೆ ಜಗತ್ತಿನ ನೂರಕ್ಕೆ ಎಂಬತ್ತು ಜನರನ್ನು ಕೊಂದಿರುತ್ತಾನೆ. ಕೊನೆಯ ಅಧ್ಯಾಯದಲ್ಲಿ ಗೆಳೆಯ ಆರ್ಮಿನ್ ಎದುರು ಕುಸಿದು, ಬಾಲ್ಯದಿಂದ ಜೊತೆಗಿದ್ದ ಮಿಕಾಸಾ ತನ್ನನ್ನು ಮರೆಯಬಾರದು, ಬೇರೆಯವರನ್ನು ಪ್ರೀತಿಸಬಾರದು, ಹತ್ತು ವರ್ಷವಾದರೂ ತಾನು ಅವಳ ನೆನಪಿನಲ್ಲಿರಬೇಕು ಎಂದು ಅಳುತ್ತಾನೆ. ಕಲ್ಲಿನಂತಿದ್ದ ಎರೆನ್‌ನನ್ನು ಮೆಚ್ಚಿದ್ದವರಿಗೆ ಇದು ಅವಮಾನದಂತೆ ಕಂಡಿತು. ಅವಳ ಎರಡನೇ ಸಿಟ್ಟು ಆರ್ಮಿನ್ ಮೇಲೆ. ನಮಗೋಸ್ಕರ ನೀನು ಕೊಲೆಗಾರನಾದೆ, ಅದಕ್ಕೆ ಕೃತಜ್ಞತೆ ಎಂಬ ಅರ್ಥದ ಮಾತನ್ನು ಅವನು ಹೇಳುತ್ತಾನೆ. ‘ಅಷ್ಟು ಜನ ಸತ್ತಿದ್ದಾರೆ, ಥ್ಯಾಂಕ್ಸ್ ಹೇಳ್ತಾನಾ?’

ಸಮಾಧಾನ ಹೇಳುವ ಬದಲು ನಾನು ಅವಳಿಗೆ ಒಂದು ಕೆಲಸ ಕೊಟ್ಟೆ. ಎರೆನ್ ಅಳುವ ಪುಟಗಳನ್ನೆಲ್ಲ ಹುಡುಕಿ ಗುರುತು ಹಾಕು ಅಂದೆ. ಲಾಕ್‌ಡೌನ್ ಕಾಲ, ಹೊರಗೆ ಹೋಗುವಂತಿರಲಿಲ್ಲ. ನಾಲ್ಕೈದು ದಿನ ಬಿಟ್ಟು ಮತ್ತೆ ಫೋನ್ ಬಂತು.

ಅವಳಿಗೆ ಸಿಕ್ಕ ಮೊದಲ ಪುಟ ಮೊದಲ ಅಧ್ಯಾಯದ್ದೇ. ಕಥೆ ಶುರುವಾಗುವುದೇ ಮರದ ಕೆಳಗೆ ಮಲಗಿದ್ದ ಹುಡುಗ ಎಚ್ಚರಾಗುವುದರಿಂದ. ‘ಎರೆನ್, ಯಾಕೆ ಅಳುತ್ತಿದ್ದೀಯ?’ ಎಂದು ಮಿಕಾಸಾ ಕೇಳುತ್ತಾಳೆ. 50ನೇ ಅಧ್ಯಾಯದಲ್ಲಿ ಹಾನ್ನೆಸ್ ಎಂಬ ಹಿರಿಯ ಸೈನಿಕ ಕಣ್ಣೆದುರೇ ಸತ್ತಾಗ, ನನ್ನ ಕೈಲಿ ಏನೂ ಆಗಲಿಲ್ಲ ಎಂದು ಎರೆನ್ ಗೋಳಾಡುತ್ತಾನೆ. ಮಿಕಾಸಾ ಅಲ್ಲಿ, ನನ್ನ ಕುತ್ತಿಗೆಗೆ ಈ ಬಟ್ಟೆ ಸುತ್ತಿದ್ದಕ್ಕೆ ಕೃತಜ್ಞತೆ ಎನ್ನುತ್ತಾಳೆ. ಕಥೆಯ ಕೊನೆಯ ಮಾತೂ ಅದೇ. 131ನೇ ಅಧ್ಯಾಯದಲ್ಲಿ, ಮುಂದೆ ತಾನೇ ಕೊಲ್ಲಲಿರುವ ಪುಟ್ಟ ಹುಡುಗನ ಎದುರು ಎರೆನ್ ಅತ್ತು ಕ್ಷಮೆ ಕೇಳುತ್ತಾನೆ. ‘ಮಾಮ, ಅವನು ಮೊದಲಿಂದ ಅಳ್ತಾನೇ ಇದ್ದ. ಮಧ್ಯದಲ್ಲಿ ಸ್ವಲ್ಪ ದಿನ ಅಳು ನುಂಗಿಕೊಂಡಿದ್ದ, ನಾನು ಅದನ್ನೇ ಎರೆನ್ ಅಂದ್ಕೊಂಡೆ’ ಅಂದಳು.

ಆರ್ಮಿನ್ ಮಾತಿನ ವಿಷಯದಲ್ಲಿ ಮಾತ್ರ ಅವಳು ಒಂದಿಂಚೂ ಬಿಡಲಿಲ್ಲ. ಆರ್ಮಿನ್ ಎಲ್ಲ ಕಡೆ ಮಾತುಕತೆಯ ದಾರಿ ಹುಡುಕಿದವನು, ಮೊದಲ ಸಲ ಕೊಂದಾಗ ನಡುಗಿದವನು, ಅವನ ಬಾಯಲ್ಲಿ ಈ ಕೃತಜ್ಞತೆ ಕೂರುವುದಿಲ್ಲ ಎಂದಳು. ಹಿಂದಿನ ಪುಟಗಳನ್ನು ನೋಡಿದಾಗ ಅವಳ ಮೊದಲ ಆಕ್ಷೇಪ ಬಿದ್ದುಹೋಯಿತು, ಎರಡನೆಯದು ಇನ್ನೂ ಗಟ್ಟಿಯಾಯಿತು. ನಾನು ಒಳ್ಳೆಯ ಅಭಿಪ್ರಾಯ ಎನ್ನುವುದು ಇದನ್ನು.

ಆ ಎರಡನೇ ಆಕ್ಷೇಪ ಎಷ್ಟು ಗಟ್ಟಿ ಎನ್ನುವುದು ಆಮೇಲೆ ಗೊತ್ತಾಯಿತು. 2022ರ ನವೆಂಬರ್‌ನಲ್ಲಿ ಇಸಾಯಾಮಾ ನ್ಯೂಯಾರ್ಕಿನ ಅನಿಮೆ ಮೇಳಕ್ಕೆ ಹೋದಾಗ, ಅಂತ್ಯದ ವಿಷಯದಲ್ಲಿ ತಾನಿನ್ನೂ ತೊಳಲಾಡುತ್ತಿದ್ದೇನೆ ಎಂದು ಹೇಳಿಕೊಂಡು ಕಣ್ಣೀರಾದರು. ಸಭೆ ಚಪ್ಪಾಳೆ ತಟ್ಟಿತು. 2023ರ ನವೆಂಬರ್‌ನಲ್ಲಿ ಅನಿಮೆಯ ಕೊನೆಯ ಕಂತು ಬಂದಾಗ ಎರೆನ್, ಆರ್ಮಿನ್ ಮಾತುಕತೆ ಬದಲಾಗಿತ್ತು. ಅಲ್ಲಿ ಆರ್ಮಿನ್ ಪಾಪದ ಪಾಲನ್ನು ತಾನೂ ಹೊರುತ್ತಾನೆ, ನರಕದಲ್ಲಿ ಇಬ್ಬರೂ ಒಟ್ಟಿಗೇ ಇರೋಣ ಎನ್ನುತ್ತಾನೆ. ಎರೆನ್ ಅಳುವುದು ಹಾಗೇ ಉಳಿದಿತ್ತು. ಅದನ್ನು ನೋಡಿದ ರಾತ್ರಿ ಅಕ್ಕನ ಮಗಳು ನನಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು ಒಂದೇ ಪದ: ‘ನೋಡಿದ್ಯಾ?’

ಇನ್ನೊಂದು ಸಾವಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ‘ಜುಜುತ್ಸು ಕೈಸೆನ್’ ಎಂಬ ಮಾಂಗಾದ ಬಲಶಾಲಿ ಮಾಂತ್ರಿಕ ಗೊಜೋ ಸತ್ತ. ಅವನು ಗೆದ್ದ ಎಂಬಲ್ಲಿಗೆ 235ನೇ ಅಧ್ಯಾಯ ಮುಗಿಯುತ್ತದೆ. 236 ಶುರುವಾದರೆ ವಿಮಾನ ನಿಲ್ದಾಣದಂಥ ಜಾಗದಲ್ಲಿ ಅವನು ಸತ್ತ ಗೆಳೆಯರ ಜೊತೆ ಮಾತಾಡುತ್ತಿದ್ದಾನೆ. ಕೊಂದ ಹೊಡೆತವನ್ನು ಬೀಳುವಾಗ ನಾವು ನೋಡುವುದೇ ಇಲ್ಲ, ಆಮೇಲೆ ವಿವರಣೆ ಸಿಗುತ್ತದೆ. ಗೊಜೋ ಸಾಯಬಾರದಿತ್ತು ಎಂದವರ ಮಾತಿನಲ್ಲಿ ನನಗೆ ಪ್ರೀತಿ ಮಾತ್ರ ಕಂಡಿತು. ಸಾಯಲಿ, ಆದರೆ ಆ ಹೊಡೆತವನ್ನು ನಮ್ಮಿಂದ ಯಾಕೆ ಕಿತ್ತುಕೊಂಡಿರಿ ಎಂದು ಕೇಳಿದವರ ಮಾತಿನಲ್ಲಿ ಓದು ಕಂಡಿತು. ರಿಕಿಇಶಿಯ ನೀರಿನ ಲೋಟ ನೆನಪಿದೆಯಲ್ಲ? ಅಲ್ಲಿ ಸಾವಿಗೆ ಎಷ್ಟೊಂದು ಪುಟ ಕೊಟ್ಟಿದ್ದರು.

ಎಲ್ಲ ಜಗಳವೂ ಸಿಟ್ಟಿನಲ್ಲೇ ಮುಗಿಯಬೇಕಿಲ್ಲ. ಇನೋವೆ ತಾಕೆಹಿಕೊ ಅವರ ಬಾಸ್ಕೆಟ್‌ಬಾಲ್ ಕಥೆ ‘ಸ್ಲ್ಯಾಮ್ ಡಂಕ್’ 1996ರಲ್ಲಿ ಇದ್ದಕ್ಕಿದ್ದಂತೆ ನಿಂತಿತು. ಶೋಹೊಕು ಶಾಲೆಯ ಹುಡುಗರು ಸಾನ್ನೋ ಎಂಬ ಬಲಿಷ್ಠ ತಂಡವನ್ನು ಸೋಲಿಸುತ್ತಾರೆ. ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ ಪುಟದ ಮೇಲೆ ಮಾತೇ ಇಲ್ಲ. ಬರೀ ಚೆಂಡು, ಕೈ, ಕಣ್ಣು, ಗಡಿಯಾರ. ಕಥೆಯುದ್ದಕ್ಕೂ ಒಬ್ಬರನ್ನೊಬ್ಬರು ಕಂಡರಾಗದ ಸಕುರಾಗಿ, ರುಕಾವಾ ಇಬ್ಬರೂ ಕೊನೆಗೆ ಅಂಗೈಗೆ ಅಂಗೈ ಬಡಿಯುತ್ತಾರೆ. ನಂತರದ ಪಂದ್ಯದಲ್ಲಿ ಅದೇ ತಂಡ ಹೀನಾಯವಾಗಿ ಸೋತಿತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಟ್ಟರು! ‘ಮೊದಲ ಭಾಗ ಮುಗಿಯಿತು’ ಎಂದು ಬರೆದಿತ್ತು, ಎರಡನೇ ಭಾಗ ಬರಲೇ ಇಲ್ಲ.

ಆದರೆ 2004ರ ಡಿಸೆಂಬರ್‌ನಲ್ಲಿ, ಪುಸ್ತಕದ ಹತ್ತು ಕೋಟಿ ಪ್ರತಿ ಹೋದ ಸಂತೋಷಕ್ಕೆ, ಇನೋವೆ ಕನಗಾವಾ ಪ್ರಾಂತದ ಒಂದು ಮುಚ್ಚಿದ ಪ್ರೌಢಶಾಲೆಗೆ ಹೋದರು. ಕೊನೆಯ ದೃಶ್ಯದ ಹತ್ತು ದಿನದ ನಂತರ ಆ ಹುಡುಗರು ಏನು ಮಾಡುತ್ತಿದ್ದಾರೆ ಎಂಬುದನ್ನು ತರಗತಿ ತರಗತಿಯ 23 ಕರಿಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಮೂರು ದಿನ ಜನ ಬಂದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತ ಓದಿದರು. 2022ರಲ್ಲಿ ಅವರೇ ನಿರ್ದೇಶಿಸಿದ ಚಲನಚಿತ್ರದಲ್ಲೂ ಸಾನ್ನೋ ಪಂದ್ಯವೇ ಇದೆ. ಎರಡನೇ ಭಾಗ ಮಾಡುವ ಬದಲು ಮುಗಿದ ಪಂದ್ಯಕ್ಕೇ ಹಿಂದಿರುಗಿ, ಈ ಸಲ ಮಿಯಾಗಿ ರ್‍ಯೋತಾ ಎಂಬ ಕುಳ್ಳ ಹುಡುಗನ ಕಣ್ಣಿನಿಂದ ನೋಡಿದರು. ಮುಂದೇನಾಯಿತು ಎಂದು 26 ವರ್ಷ ಕೇಳಿದವರಿಗೆ ಹಿಂದೆ ಏನಿತ್ತು ಎಂದು ತೋರಿಸಿದರು. ಚಿತ್ರಮಂದಿರದಲ್ಲಿ ನನಗೆ ಆ ಅಂಗೈ ಸದ್ದು ಹೊಸದಾಗಿ ಕೇಳಿಸಿತು.

ಕೊನೆಯದಾಗಿ ‘ಬರ್ಸರ್ಕ್’. ಮಿಯುರಾ ಕೆಂತಾರೊ 1989ರಿಂದ ಬರೆಯುತ್ತಿದ್ದ ಕಥೆ. 2021ರ ಮೇ 6ರಂದು, 54ನೇ ವಯಸ್ಸಿನಲ್ಲಿ, ಕಥೆ ಮುಗಿಸದೆ ಅವರು ತೀರಿಕೊಂಡರು. ಅವರು ಮಾಡಿಟ್ಟಿದ್ದ 364ನೇ ಅಧ್ಯಾಯ ಆ ಸೆಪ್ಟೆಂಬರ್‌ನಲ್ಲಿ ಬಂತು. ಮಿಯುರಾ ಅವರ ಶಾಲಾ ಗೆಳೆಯ, ತಾವೂ ಮಾಂಗಾ ಬರೆಯುವ ಮೋರಿ ಕೋಜಿ ಮರುವರ್ಷ ಮುಂದೆ ಬಂದರು. ಸುಮಾರು ಮೂವತ್ತು ವರ್ಷದ ಹಿಂದೆ ಮಿಯುರಾ ಇಡೀ ಕಥೆಯನ್ನು ಕೊನೆಯವರೆಗೆ ತನಗೆ ಹೇಳಿದ್ದರು, ಅವರು ಹೇಳಿದ್ದನ್ನು ಮಾತ್ರ ಬರೆಸುತ್ತೇನೆ, ನೆನಪಿಲ್ಲದ್ದನ್ನು ತುಂಬಿಸುವುದಿಲ್ಲ ಎಂದು ಓದುಗರಿಗೆ ತಿಳಿಸಿದರು. ಮಿಯುರಾ ಅವರ ಶಿಷ್ಯರು 2022ರ ಜೂನ್‌ನಿಂದ ಚಿತ್ರ ಬರೆಯುತ್ತಿದ್ದಾರೆ. ಅಭಿಮಾನಿಗಳು ಎರಡು ಪಾಲಾದರು. ಮಿಯುರಾ ಅವರ ಗೆರೆ ಇಲ್ಲದ ಬರ್ಸರ್ಕ್ ಬೇಡ, ಅಲ್ಲಿಗೇ ನಿಲ್ಲಲಿ ಎನ್ನುವವರ ದುಃಖ ನನಗೆ ಅರ್ಥವಾಗುತ್ತದೆ. ನಾನು ಮೋರಿ ಪರ. ಗೆಳೆಯನ ಬಾಯಿಂದ ಕೇಳಿದ ಕಥೆಯನ್ನು ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡವರು ಅದನ್ನು ಹೇಳದೆ ಹೋಗಬಾರದು.

364ನೇ ಅಧ್ಯಾಯದಲ್ಲಿ ಗ್ರಿಫಿತ್‌ನ ಕಣ್ಣಿನಲ್ಲಿ ನೀರಿದೆ. ತನ್ನ ಸಂಗಾತಿಗಳನ್ನೆಲ್ಲ ಬಲಿಕೊಟ್ಟವನು ಅವನು. ಯಾಕೆ ಅಳುತ್ತಾನೆ ಎಂದು ಮಿಯುರಾ ಹೇಳಿಲ್ಲ. ಈಗ ಕೆಲಸಕ್ಕೆ ಸೇರಿರುವ ನನ್ನ ಅಕ್ಕನ ಮಗಳಿಗೆ ಆ ಪುಟ ತೋರಿಸಿದ್ದೆ. ಇವನು ಅಳುವವನೇ ಹೌದೋ ಅಲ್ಲವೋ ನೋಡ್ತೀನಿ ಎಂದು ಮೊದಲ ಸಂಪುಟದಿಂದ ಶುರುಮಾಡಿದ್ದಾಳೆ. ಮೊನ್ನೆ ಕೇಳಿದೆ, ಹನ್ನೆರಡನೇ ಸಂಪುಟದಲ್ಲಿದ್ದಾಳೆ.